ಬಡಿದು ನೋಡದ ಸಾಣೆಕಲ್ಲು

ಕಮಲಾಪುರದ ಸಂತೆಯಲ್ಲಿ ಸೂಗಮ್ಮ ಗಡಿಗೆ ಕೊಳ್ಳುವುದೆಂದರೆ ಗಂಡ ದೌಲಪ್ಪನಿಗೆ ತಲೆನೋವು. ಒಂದೊಂದನ್ನೂ ಎತ್ತಿ, ಬೆರಳು ಮಡಚಿ ಬಡಿದು, ಕಿವಿಗೊಟ್ಟು ಕೇಳಿದ ಮೇಲೇ ಆಕೆ ಬೆಲೆ ಕೇಳುವುದು. "ಗಡಿಗಿಗೂ ಪರೀಕ್ಷಾ ಇಡ್ತಾಳ ನೋಡ್ರಿ" ಎಂದು ದೌಲಪ್ಪ ಕುಂಬಾರನ ಮುಂದೆಯೇ ನಗಾಡುತ್ತಿದ್ದ.

ಇಂಥ ಜಾಣ ತನ್ನ ಲೇತ್ ಅಂಗಡಿಗೆಂದು ಕಲಬುರಗಿಯ ಜಗತ್ ಬಡಾವಣೆಯ ಅಂಗಡಿಯಿಂದ ಹಸಿರು ಸಾಣೆಕಲ್ಲು ತಂದ. ಸಿಲಿಕಾನ್ ಕಾರ್ಬೈಡ್ ಹರಳಿನಿಂದ ಮಾಡಿದ ಕಲ್ಲು ಅದು. ಎಂಥ ಗಟ್ಟಿ ಟೂಲನ್ನೂ ಸವೆಸಿ ಹರಿತ ಮಾಡುತ್ತದೆ. ಬಸ್ಸಿನಿಂದ ಇಳಿಯುವಾಗ ಅದು ಕೈಜಾರಿ ಡಾಂಬರಿನ ಮೇಲೆ ಬಿತ್ತು. ತಿರುಗಿಸಿ ನೋಡಿದರೆ ಒಂದು ಗೆರೆಯೂ ಇಲ್ಲ. ಅಂಗಿಯ ತುದಿಯಿಂದ ಧೂಳು ಒರೆಸಿಕೊಂಡು ಬಂದ. ಯಾರಿಗೂ ಹೇಳಲಿಲ್ಲ.

ಅಂಗಡಿಯಲ್ಲಿ ಹತ್ತು ವರ್ಷದಿಂದ ಜೊತೆಗಿರುವ ವಕಾರ್, ಸಾಣೆ ಮಷೀನಿಗೆ ಹಾಕುವ ಮುಂಚೆ ಬಡಿದು ನೋಡೋಣವೆಂದ. ನಂದೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಕಲಿತದ್ದಂತೆ. ಕಲ್ಲು ಎಷ್ಟೇ ಗಟ್ಟಿಯಿರಲಿ, ಪೆಟ್ಟು ಬಿದ್ದರೆ ಗಡಿಗೆಯ ಹಾಗೆ ಒಳಗೇ ಬಿರಿದಿರುತ್ತದೆ ಎಂದ. ದೌಲಪ್ಪನಿಗೆ ಗುಟ್ಟು ರಟ್ಟಾದೀತೆಂಬ ಭಯ.

"ಹೊಸಾ ಕಲ್ಲದ. ಕಬ್ಬಿಣಾ ತಿನ್ನೋದಕ್ಕ ಏನ್ ಆಗ್ತದ? ಸುಮ್ನ ಹಾಕು" ಎಂದು ಗದರಿದ.

ಚೂರು ತಡೆಯುವ ಮಷೀನಿನ ಮುಚ್ಚಳ ಕೆಲಸಕ್ಕೆ ಅಡ್ಡ ಬರುತ್ತದೆಂದು ಎಂದೋ ಬಿಚ್ಚಿಟ್ಟವನೂ ಇವನೇ. ವಕಾರ್ ಟೂಲು ತಾಗಿಸಿದ್ದೇ ತಡ, ಕಲ್ಲು ಸಿಡಿದು ಚೂರೊಂದು ಅವನ ಎಡಗಣ್ಣಿಗೆ ಬಡಿಯಿತು.

ಕಲಬುರಗಿಯ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ವಕಾರ್, ದೌಲಪ್ಪನ ದನಿ ಕೇಳಿ ಎದ್ದು ಕೂತ. "ನಂದೇ ತಪ್ಪಾತಣ್ಣಾ. ಜೋರ್ ಒತ್ತಿದೆ ಕಾಣಸ್ತದ. ನಿಮ್ ಹೊಸಾ ಕಲ್ಲು ಹಾಳ್ ಮಾಡ್ದೆ."

ದೌಲಪ್ಪನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹಾಸಿಗೆಯ ಆಚೆ ವಕಾರನ ಹೆಂಡತಿ ಲತೀಫಾ, ಈಚೆ ಸೂಗಮ್ಮ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಪಟ್ಟಿಯ ಮುಂದೆ ಹೇಗೆ ಸುಮ್ಮನಿರುವುದು?

"ನೀ ಒತ್ತಿದ್ದಕ್ಕಲ್ಲೋ. ಅದು ನನ್ ಕೈಯಾಗಿಂದ ಬಿದ್ದಿತ್ತು. ಹೇಳ್ಲಾಕ ನಾಚ್ಕಿ ಬಂತು, ಮುಚ್ಚಿಟ್ಟೆ" ಎಂದು ತಲೆ ತಗ್ಗಿಸಿದ.

ಲತೀಫಾ ಮುಖ ತಿರುಗಿಸಿದಳು. ವಕಾರ್ ದೌಲಪ್ಪನ ಕಡೆ ತಿರುಗಿ, "ಬೀಳೋದು ಯಾರ್ ಕೈಯಿಂದಾದ್ರೂ ಬೀಳ್ತದಣ್ಣಾ. ಹೇಳ್ಬೇಕಿತ್ತು" ಎಂದ.

ಈಗ ಆ ಕಣ್ಣಿಗೆ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ. ಹೊಸ ಕಲ್ಲು ಬಂದರೆ ದೌಲಪ್ಪ ಅದರ ತೂತಿಗೆ ಬೆರಳು ತೂರಿಸಿ ತೂಗಿ ಹಿಡಿದು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ಬಡಿಯುತ್ತಾನೆ. ಕೇಳಿ ತೀರ್ಪು ಹೇಳುವವನು ವಕಾರ್. ಟಣ್ ಎಂದರೆ ಮಷೀನಿಗೆ, ದಬ್ ಎಂದರೆ ಕಸಕ್ಕೆ.

ಸಾಣೆ ಹಿಡಿಯುವ ಅಣ್ಣತಮ್ಮಂದಿರೇ, ಮುಚ್ಚಳ ಬಿಚ್ಚಬೇಡಿ, ಕನ್ನಡಕ ಮರೆಯಬೇಡಿ. ಹೊಸ ಕಲ್ಲನ್ನು ಬಡಿದು ನೋಡಿ. ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ. ಕಲ್ಲು ಕೈಜಾರಿ ಬಿತ್ತೇ? ಅದನ್ನು ಹಾಕಬೇಡಿ, ಆಗಲೇ ಬಾಯಿಬಿಟ್ಟು ಹೇಳಿ. ಆ ನಾಚಿಕೆ ಒಂದು ಗಳಿಗೆಯದು. ದೌಲಪ್ಪನ ನಾಚಿಕೆ ದಿನಾ ಬೆಳಗ್ಗೆ ಅವನಿಗಿಂತ ಮೊದಲೇ ಅಂಗಡಿಗೆ ಬಂದು, ಒಂದೇ ಕಣ್ಣಿನಿಂದ ಅವನನ್ನು ನೋಡಿ ನಮಸ್ಕಾರ ಹೇಳುತ್ತದೆ.