ಕೊಕ್ಕೆ ಹಾಕಿದ ಫೈಲುಗಳು

ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕೊಕ್ಕೆ ಎಂದು. ಲಿಫ್ಟ್ ಪರೀಕ್ಷೆ ಮಾಡುವುದು ಅವನ ಕೆಲಸ. ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ಕೂತು, ಉಕ್ಕಿನ ಹಗ್ಗ ಸವರಿ, ಬ್ರೇಕು ಹಿಡಿಯುವ ಸದ್ದಿಗೆ ಕಿವಿಗೊಟ್ಟು, ಆಮೇಲೆ ಒಂದು ಲಿಫ್ಟಿಗೆ ಒಂದು ಫೈಲು ಬರೆಯುತ್ತಿದ್ದ. ಎಲ್ಲ ಸರಿಯಿದ್ದರೆ ಫೈಲಿಗೆ ಬರೀ ಕಟ್ಟಡದ ಹೆಸರು. ಅನುಮಾನವಿದ್ದರೆ ಹೆಸರಿನ ಕೊನೆಗೆ ಕೊಕ್ಕೆಯಂಥ ಒಂದು ಪ್ರಶ್ನೆ ಚಿಹ್ನೆ. ದೊಡ್ಡವರು ಒಳಗಿನ ಪುಟ ಓದುವುದಿಲ್ಲ ಎಂಬುದು ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಕಲಿತ ಪಾಠ. ಹೆಸರನ್ನಾದರೂ ಓದಲಿ, ಅಷ್ಟೇ ಅವನ ಆಸೆ.

ಹೋದ ವರ್ಷದವರೆಗೆ ಎಲ್ಲ ಕಾಗದದಲ್ಲೇ ನಡೆಯುತ್ತಿತ್ತು. ರಟ್ಟಿನ ಮೇಲೆ ಕೆಂಪು ಮಸಿಯ ಪ್ರಶ್ನೆ ಚಿಹ್ನೆ ನೋಡಿದರೆ ದೊಡ್ಡ ಆಫೀಸಿನವರು ಮುಖ ಸಿಂಡರಿಸಿಕೊಂಡಾದರೂ ಆ ಲಿಫ್ಟು ನಿಲ್ಲಿಸುತ್ತಿದ್ದರು. ಈ ವರ್ಷ ಕಾಗದ ಬೇಡ, ಪೆನ್‌ಡ್ರೈವ್ ಸಾಕು ಎಂದು ಆದೇಶ ಬಂತು. ಇನ್ನೂರ ಹನ್ನೆರಡು ಫೈಲು ತುಂಬಿ ಕಳಿಸಿದ. ಅದರಲ್ಲಿ ಮೂವತ್ತೊಂದಕ್ಕೆ ಕೊಕ್ಕೆ.

ಆ ಮೂವತ್ತೊಂದರಲ್ಲಿ ಒಂದು, ಅವನ ಅಕ್ಕ ದುಡಿಯುವ ಆಸ್ಪತ್ರೆಯ ಸಾಮಾನು ಲಿಫ್ಟು. ಅಕ್ಕನಿಗೆ ಅಲ್ಲಿ ಬಟ್ಟೆ ಒಗೆಯುವ ಕೆಲಸ. ನಾಲ್ಕನೇ ಮಹಡಿಯಿಂದ ಹಾಸಿಗೆಯ ಹೊದಿಕೆಗಳನ್ನು ಗಾಡಿಯಲ್ಲಿ ತುಂಬಿ, ಗಾಡಿಯ ಜೊತೆಗೇ ದಿನಕ್ಕೆ ಹತ್ತು ಸಲ ಇಳಿಯುತ್ತಾಳೆ. ಆ ಲಿಫ್ಟಿನ ಹಗ್ಗದಲ್ಲಿ ಎಳೆಗಳು ಕಿತ್ತು ಮುಳ್ಳಿನ ಹಾಗೆ ನಿಂತಿದ್ದನ್ನು ಅವನು ಕೈಯಾರೆ ಮುಟ್ಟಿ ನೋಡಿದ್ದ. ಬೆರಳಿಗೆ ರಕ್ತವೂ ಬಂದಿತ್ತು.

ಎರಡು ವಾರ ಕಳೆದು ಅಕ್ಕನ ಫೋನು ಬಂತು.

"ಏನೋ, ಈ ಲಿಫ್ಟು ಹತ್ತಬೇಡ ಅಂತ ನನ್ನ ಹೆದರಿಸಿಬಿಟ್ಟಿದ್ದೆಯಲ್ಲ! ಇವತ್ತು ಹಸಿರು ಚೀಟಿ ಅಂಟಿಸಿ ಹೋದ್ರು. ಭೇಷಾಗಿದೆಯಂತೆ."

"ಯಾರು ಹೇಳಿದ್ದು?"

"ನಿಮ್ಮ ಆಫೀಸಿನ ಮೊಹರೇ ಇದೆ ಕಣೋ."

ಅವನಿಗೆ ಪಿತ್ತ ನೆತ್ತಿಗೇರಿತು. ಊಟದ ಡಬ್ಬಿಯನ್ನೂ ಮುಚ್ಚದೆ ಎದ್ದು ದೊಡ್ಡ ಆಫೀಸಿಗೆ ಹೋದ.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು ಉಗುರು ಕತ್ತರಿಸಿಕೊಳ್ಳುತ್ತಿದ್ದಳು.

"ನೂರ ಎಂಬತ್ತೊಂದೇ ಬಂದಿದ್ದು ಅಣ್ಣ. ಮಿಕ್ಕಿದ್ದನ್ನ ಮಿಷಿನ್ನೇ ತಗೊಳ್ಳಲಿಲ್ಲ. ನಿಮ್ಮ ಆಫೀಸಿನ ಕಂಪ್ಯೂಟರು ಲಿನಕ್ಸು, ಅಲ್ಲಿ ಯಾವ ಹೆಸರಿಟ್ಟರೂ ನಡೆಯುತ್ತೆ. ನಮ್ಮದು ವಿಂಡೋಸು. ಹೆಸರಲ್ಲಿ ಪ್ರಶ್ನೆ ಚಿಹ್ನೆ ಇದ್ರೆ ಒಳಗೇ ಬಿಡಲ್ಲ."

"ಬಿಡದಿದ್ರೆ ನನಗೊಂದು ಮಾತು ಹೇಳಬಾರದಿತ್ತಾ ತಾಯಿ?"

"ಬಿಟ್ಟು ಮುಂದೆ ಹೋಗಲಾ ಅಂತ ಅದೇ ಕೇಳ್ತು. ಹೂಂ ಅಂದೆ. ಎಲ್ಲದಕ್ಕೂ ಹಾಗೇ ಮಾಡಲಾ ಅಂತು. ಅದಕ್ಕೂ ಹೂಂ ಅಂದೆ. ಎಷ್ಟು ಮರ್ಯಾದೆಯಿಂದ ಕೇಳುತ್ತೆ ಗೊತ್ತಾ, ನಿಮ್ಮ ಹಾಗಲ್ಲ."

ಅಂದರೆ ಸರಿಯಿದ್ದ ಲಿಫ್ಟುಗಳೆಲ್ಲ ದಾಟಿ ಬಂದಿದ್ದವು, ಬೀಳುವಂಥವು ಮಾತ್ರ ಹೊಸಿಲಾಚೆ ಉಳಿದಿದ್ದವು. ದೊಡ್ಡ ಸಾಹೇಬರು ಬಂದದ್ದನ್ನು ನೋಡಿ, ಊರಲ್ಲಿ ಒಂದಕ್ಕೂ ಅನುಮಾನವಿಲ್ಲ ಎಂದು ಖುಷಿಪಟ್ಟು, ಪಟ್ಟಿಯಲ್ಲಿದ್ದ ಇನ್ನೂರ ಹನ್ನೆರಡಕ್ಕೂ ಹಸಿರು ಚೀಟಿ ಬರೆಸಿದ್ದರು.

ಸಾಹೇಬರು ಅವನ ಮಾತನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಇಷ್ಟೇನಾ? ಆ ಕೊಕ್ಕೆ ತೆಗೆದು ಮತ್ತೆ ಹಾಕಿಸಿ. ಯಂತ್ರಕ್ಕೂ ಒಂದು ಶಿಸ್ತಿರುತ್ತೆ ಕಣ್ರೀ."

ಹಲ್ಲು ಕಚ್ಚಿಕೊಂಡು ತನ್ನ ಆಫೀಸಿಗೆ ಓಡಿದ. ಮೂವತ್ತೊಂದು ಹೆಸರಿನಿಂದಲೂ ಪ್ರಶ್ನೆ ಚಿಹ್ನೆ ಅಳಿಸಿ, ಪೆನ್‌ಡ್ರೈವ್ ಹಿಡಿದು ಏದುಸಿರು ಬಿಡುತ್ತ ವಾಪಸು ಬಂದ. ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ದಾಟಿದವು. ಸಾಹೇಬರು ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟು ಹೆಸರುಗಳನ್ನು ಒಂದೊಂದಾಗಿ ಓದಿದರು.

"ನೋಡಿದಿರಾ? ಒಂದರಲ್ಲೂ ಅನುಮಾನ ಇಲ್ಲ. ಚೀಟಿ ಕೊಟ್ಟಿದ್ದು ಸರಿಯಾಗೇ ಇದೆ."

"ಸ್ವಾಮಿ, ಒಳಗಡೆ ಓದಿ. ಹಗ್ಗ ಕಿತ್ತಿದೆ ಅಂತ ಬರೆದಿದ್ದೀನಿ!"

"ಒಳಗೆ ಓದೋಕೆ ಸಮಿತಿ ಇದೆ. ಮುಂದಿನ ತಿಂಗಳು ಕೂರುತ್ತೆ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸ್ವಾಮಿ? ಬನ್ನಿ, ನಾನೂ ನೀವೂ ಆ ಲಿಫ್ಟಲ್ಲಿ ಒಂದು ಸಲ ನಾಲ್ಕನೇ ಮಹಡಿಗೆ ಹೋಗಿಬರೋಣ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಪರೀಕ್ಷಕರ ಕೆಲಸ ಬರೆಯೋದು. ಲಿಫ್ಟು ನಿಲ್ಲಿಸೋದಲ್ಲ. ನಿಲ್ಲಿಸಿದವರು ಆಮೇಲೆ ಮನೇಲೇ ಇರಬೇಕಾಗುತ್ತೆ, ನೆನಪಿರಲಿ."

ಅವನು ನೇರ ಆಸ್ಪತ್ರೆಗೆ ಹೋದ. ಅಕ್ಕ ನಾಲ್ಕನೇ ಮಹಡಿಯಲ್ಲಿ ಗಾಡಿ ತುಂಬಿಕೊಂಡು ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದಳು. ಲಿಫ್ಟು ಬರಲಿಲ್ಲ. ಅವನು ಕೆಳಗೆ ಲಿಫ್ಟಿನ ಮೇನ್ ಸ್ವಿಚ್ಚಿನಿಂದ ಫ್ಯೂಸು ಮೂರನ್ನೂ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ.

ಮೆಟ್ಟಿಲು ಹತ್ತಿ ಮೇಲೆ ಬಂದವನನ್ನು ಕಂಡು ಅಕ್ಕ ಉರಿದು ಬಿದ್ದಳು.

"ನೀನೇನಾ? ನಿನ್ನ ತಲೆ ಕೆಟ್ಟಿದೆಯಾ? ಈ ಬಟ್ಟೆ ನಿಮ್ಮಪ್ಪ ಇಳಿಸ್ತಾನಾ?"

"ನಿಮ್ಮಪ್ಪನೂ ಅವನೇ ಅಲ್ವೇನೇ?"

"ಬಾಯಿಗೇನೂ ಕಮ್ಮಿ ಇಲ್ಲ. ಹಿಡಿ ಇದನ್ನ."

ಕೊಳೆ ಹೊದಿಕೆಗಳ ದೊಡ್ಡ ಗಂಟೊಂದನ್ನು ಅವನ ಹೆಗಲಿಗೆ ಹೇರಿದಳು. ಇನ್ನೊಂದನ್ನು ತಾನು ಹೊತ್ತಳು. ಎರಡನೇ ಮಹಡಿಯ ತಿರುವಿಗೆ ಬರುವಾಗ ಅವನ ಜೇಬಿನಲ್ಲಿ ಫೋನು ಒದರತೊಡಗಿತು. ಎರಡು ಕೈಯೂ ಗಂಟಿನ ಮೇಲಿದ್ದವು.

"ಯಾರೋ ಅದು, ಬಿಡದೆ ಬಡ್ಕೋತಿರೋದು?"

"ಸಾಹೇಬ್ರೇ ಇರಬೇಕು. ಕೆಲಸ ಹೋಯ್ತು ಅನ್ನೋಕೆ."

ಅಕ್ಕ ಮೆಟ್ಟಿಲ ಮೇಲೆ ನಿಂತಳು. ಗಂಟು ಇಳಿಸದೆಯೇ ಅವನ ಮುಖ ನೋಡಿದಳು. ಹಗ್ಗ ಗೀರಿದ ಕಲೆ ಇನ್ನೂ ಮಾಸದ ಅವನ ಬೆರಳನ್ನೂ ನೋಡಿದಳು.

"ಒದರಲಿ ಬಿಡು," ಅಂದಳು. "ಮೇಲೆ ಇನ್ನೂ ಆರು ಗಂಟಿದೆ."