ದಕ್ಷಿಣ ತೀರದಲ್ಲಿ ಸತ್ತವನು

ತಿರುವಿನಲ್ಲಿ ಸೊಸೆ ಗೇರ್ ಇಳಿಸುವಷ್ಟರಲ್ಲಿ ಹಿಂದಿನ ಸೀಟುಗಳಲ್ಲಿ ಗಲಾಟೆ ನಿಂತುಹೋಯಿತು. ದಿನವೂ ಇದೇ ತಿರುವಿನಲ್ಲಿ ನಿಲ್ಲುತ್ತಿತ್ತು. ಪಕ್ಕದ ಸೀಟಿನಲ್ಲಿ ಅತ್ತೆ ಮೈಕನ್ನು ತುಟಿಗೆ ಹತ್ತಿರ ಹಿಡಿದು, ದನಿ ತಗ್ಗಿಸಿ, ಪ್ರವಾಸಿಗರ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಎಡಗಡೆಗೆ ಕಣ್ಣು ಬಿಡಲಾಗದಂತೆ ಹೊಳೆಯುವ ಸಮುದ್ರ. ಅದರ ನಡುವೆ ಎದ್ದು ನಿಂತ ಕರಿಬಂಡೆಯತ್ತ ಅತ್ತೆಯ ಬೆರಳು ಹೋಯಿತು. ಎಲ್ಲರ ತಲೆಗಳೂ ಅತ್ತ ತಿರುಗಿದವು. ಆಮೇಲೆ ಒಂದೊಂದಾಗಿ ಡ್ರೈವರ್ ಸೀಟಿನ ಕಡೆಗೆ ಹೊರಳಿದವು.

ಕನ್ನಡಿಯಲ್ಲಿ ಆ ಕಣ್ಣುಗಳನ್ನು ಸೊಸೆ ಎಷ್ಟೋ ಸಲ ನೋಡಿದ್ದಳು. ವ್ಯಾನ್ ಓಡಿಸುವವಳು ಹೆಂಗಸು ಎಂಬ ಸೋಜಿಗ ಇರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ಆದರೆ ಸೋಜಿಗಪಟ್ಟವರು ತಾನು ನೀರಿನ ಬಾಟಲಿ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಹಿಂದೊಮ್ಮೆ ಒಬ್ಬ ಮುದುಕ ವ್ಯಾನಿನಿಂದ ಇಳಿಯುವಾಗ ಅವಳನ್ನೇ ದಿಟ್ಟಿಸಿ, ತಲೆಯಾಡಿಸಿ, ಅತ್ತೆಯ ಎರಡೂ ಕೈ ಹಿಡಿದುಕೊಂಡಿದ್ದ. ಅದೇಕೆಂದು ಕೇಳಿದರೆ ಅತ್ತೆ, "ನಿನ್ನ ಮುಖ ನೋಡಿದ್ರೆ ಯಾರಿಗೆ ತಾನೆ ಹಂಗನ್ಸಲ್ಲ?" ಎಂದಿದ್ದಳು.

ಒಬ್ಬರ ನೆರಳು ಇನ್ನೊಬ್ಬರಿಗಾಗದು. ವ್ಯಾನ್ ತಂದವನು ಮಗ. ತಂದ ಮರುವರ್ಷವೇ ಟಿಕೆಟ್ ಕೌಂಟರಿನ ಹುಡುಗಿಯನ್ನು ಕಟ್ಟಿಕೊಂಡು ಬೆಟ್ಟದಾಚೆಯ ಉತ್ತರ ತೀರಕ್ಕೆ ಹೋಗಿ, ಅಲ್ಲಿ ಟೈರ್ ಅಂಗಡಿ ಇಟ್ಟಿದ್ದ. ಅಮ್ಮ, ಹೆಂಡತಿ, ವ್ಯಾನ್ ಮೂರನ್ನೂ ಇಲ್ಲೇ ಬಿಟ್ಟ. ಅತ್ತೆ ಹರೆಯದಲ್ಲಿ ಕಡಲತೀರದ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತ ಪ್ರವಾಸಿಗರ ಭಾಷೆ ಕಲಿತವಳು. ಬೆಟ್ಟದ ಊರಿನಿಂದ ಬಂದ ಸೊಸೆ ಅಪ್ಪನ ತರಕಾರಿ ಲಾರಿ ಓಡಿಸಿ ಕೈ ಪಳಗಿಸಿಕೊಂಡವಳು. ಒಬ್ಬಳಿಗೆ ನಾಲಿಗೆ, ಇನ್ನೊಬ್ಬಳಿಗೆ ಸ್ಟೀರಿಂಗ್. ಒಬ್ಬರನ್ನೊಬ್ಬರು ಬಿಟ್ಟರೆ ಇಬ್ಬರಿಗೂ ಹೊಟ್ಟೆಗಿಲ್ಲ. ಹಾಗಾಗಿ ಮನೆಯಲ್ಲಿ ಬೇರೆ ಬೇರೆ ಒಲೆ ಹಚ್ಚುತ್ತ, ಒಬ್ಬರ ಉಪ್ಪಿನ ಡಬ್ಬಿಯನ್ನು ಇನ್ನೊಬ್ಬರಿಂದ ಬಚ್ಚಿಡುತ್ತ, ಬೆಳಗಾದರೆ ಒಂದೇ ವ್ಯಾನಿನ ಮುಂದಿನ ಎರಡು ಸೀಟುಗಳಲ್ಲಿ ಕೂತು ಜನರಿಗೆ ದಕ್ಷಿಣ ತೀರ ತೋರಿಸುತ್ತಿದ್ದರು: ಲೈಟ್‌ಹೌಸ್, ಕರಿಬಂಡೆ, ಮೊರೆಯುವ ಗುಹೆ, ಕೊನೆಗೆ ಈಜಾಡಲು ಬಿಳಿ ಮರಳಿನ ತೀರ.

ತಿರುವು ದಾಟಿ, ಬಂಡೆ ಚೆನ್ನಾಗಿ ಕಾಣುವ ಕಡೆ ವ್ಯಾನ್ ನಿಂತಿತು. ಜನ ಇಳಿದು ಫೋಟೋ ತೆಗೆಯುತ್ತಿರುವಾಗ ಒಂಟಿಯಾಗಿ ಬಂದಿದ್ದ ಒಬ್ಬ ಹೆಂಗಸು ಡ್ರೈವರ್ ಬಾಗಿಲ ಬಳಿ ಬಂದು ನಿಂತಳು. ಆಸ್ಪತ್ರೆಯೊಂದರಲ್ಲಿ ನರ್ಸಂತೆ. ತಾಯಿಯ ಕಡೆಯವರು ಇಲ್ಲಿಯವರೇ ಆದ್ದರಿಂದ ಇಲ್ಲಿಯ ಮಾತು ಬರುತ್ತದೆ ಎಂದಳು. ಸ್ವಲ್ಪ ಹೊತ್ತು ಸಮುದ್ರ ನೋಡಿ, ಸೊಸೆಯ ಮೊಣಕೈ ಮುಟ್ಟಿದಳು.

"ಅವರು ತೀರಿಕೊಂಡು ಎಷ್ಟು ವರ್ಷ ಆಯ್ತಮ್ಮ?"

"ಯಾರು?"

"ನಿಮ್ಮ ಯಜಮಾನ್ರು."

ಸೊಸೆಗೆ ನಗು ಬಂತು. ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದಳು. ನರ್ಸ್ ತಡವರಿಸುತ್ತ, ಅತ್ತೆ ಮೈಕಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು. ಅತ್ತೆಗಿದ್ದವನು ಒಬ್ಬನೇ ಮಗ, ಚಿನ್ನದಂಥವನು. ಬೇರೆಯವರ ಗಂಡಂದಿರ ಹಾಗೆ ದುಡಿಯುವುದಕ್ಕಾಗದ ಹೇಡಿ ಎಂದು ಹೆಂಡತಿ ಹಂಗಿಸಿ ಹಂಗಿಸಿ, ಕಡಲು ಕೆರಳಿದ ದಿನ ದೋಣಿ ಇಳಿಸುವಂತೆ ಮಾಡಿದಳು. ದೋಣಿ ಆ ಬಂಡೆಗೆ ಬಡಿಯಿತು. ಹೆಣವೂ ಸಿಗಲಿಲ್ಲ. ಆದರೂ ತಾಯಿ ದೊಡ್ಡ ಮನಸ್ಸು ಮಾಡಿ ಆ ಸೊಸೆಯನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕುತ್ತಿದ್ದಾಳೆ. ಇಗೋ, ಇವಳೇ.

"ಅವರು ಹಾಗೆ ಎಲ್ಲರ ಮುಂದೆ ಹೇಳಬಾರದಿತ್ತು," ಎಂದಳು ನರ್ಸ್. "ಕಳಕೊಂಡವಳು ನೀವೂ ತಾನೆ."

ಸೊಸೆಗೆ ಮೊದಲು ತೋಚಿದ್ದು ಒಂದೇ: ಅವನಿಗೆ ನೀರೆಂದರೆ ಮಾರುದೂರ. ಮೊಣಕಾಲುದ್ದದ ಅಲೆ ಬಂದರೆ ದಡಕ್ಕೆ ಓಡಿಬರುತ್ತಿದ್ದ. ಆಮೇಲೆ ಕನ್ನಡಿಯಲ್ಲಿ ಕಂಡ ಕಣ್ಣುಗಳೆಲ್ಲ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು. ಗಂಡ ಟೈರ್ ಅಂಗಡಿಯಲ್ಲಿದ್ದಾನೆ, ಇನ್ನೊಬ್ಬಳ ಜೊತೆ, ಗುಂಡುಕಲ್ಲಿನ ಹಾಗೆ ಇದ್ದಾನೆ ಎಂದು ಗಡಗಡನೆ ಹೇಳಿದಳು. ನರ್ಸ್ ತಲೆದೂಗಿದಳು. ಎಷ್ಟೋ ಹಾಸಿಗೆಗಳ ಪಕ್ಕದಲ್ಲಿ ನಿಂತು, ಸತ್ತಿಲ್ಲ ಎಂಬ ಇಂಥ ಮಾತನ್ನು ಕೇಳಿಸಿಕೊಂಡವರು ತಲೆದೂಗುವ ರೀತಿ ಅದು. ಸೊಸೆಗೆ ಅದು ಗೊತ್ತಾಗಲಿಲ್ಲ. 'ನನ್ನ ಗಂಡ ಬದುಕಿದ್ದಾನೆ' ಎಂಬುದಕ್ಕೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದಳು. ನರ್ಸ್ ಮಗುವಿಗೆ ಕಲಿಸುವಂತೆ ಮೆಲ್ಲಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು.

ಗುಹೆಯ ಹತ್ತಿರ ಜನ ಮೆಟ್ಟಿಲಿಳಿದು ಹೋದರು. ನೀರು ಒಳಗೆ ನುಗ್ಗಿ ಗುಡುಗುವ ಸದ್ದಿಗೆ ಮೇಲೆ ನಿಂತವರ ಮಾತು ಯಾರಿಗೂ ಕೇಳುವಂತಿರಲಿಲ್ಲ. ಅತ್ತೆ ನೆರಳಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ನಿಮ್ಮ ಮಗ ಯಾವಾಗ ಸತ್ತ ಅತ್ತೆ? ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಅತ್ತೆ ಬೆಚ್ಚಲಿಲ್ಲ. ಸಿಪ್ಪೆಯನ್ನು ಉದ್ದಕ್ಕೆ ಬಿಡಿಸಿ ಪಕ್ಕಕ್ಕಿಟ್ಟಳು. ಯಾರು ಕಿವಿ ಊದಿದ್ದು ಎಂದು ಕೇಳಿದಳು. ಪ್ರಯಾಣದ ದಾರಿಯಲ್ಲಿ ಬರೀ ಕಲ್ಲು ನೀರು ತೋರಿಸಿದರೆ ಜನಕ್ಕೆ ಬೇಜಾರಾಗುತ್ತದೆ, ಕಥೆ ಬೇಕಾಗುತ್ತದೆ ಎಂದಳು. ಸೊಸೆ ಕದಲದೆ ನಿಂತೇ ಇದ್ದುದನ್ನು ಕಂಡು ಅವಳ ದನಿ ಒರಟಾಯಿತು.

"ಬದುಕಿದಾನೆ ಅಂದ್ರೆ ಏನಂತ ಹೇಳ್ಲಿ? ಹೆತ್ತವಳನ್ನ ಬಿಟ್ಟು ಯಾವಳ ಹಿಂದೇನೋ ಹೋದ ಅಂತಲಾ? ಸತ್ತವನನ್ನ ಯಾರೂ ಬಿಟ್ಟುಹೋದ ಅನ್ನಲ್ಲ ಕಣೆ."

"ಸರಿ, ಸಾಯಿಸ್ಕೊಳ್ಳಿ. ನಿಮ್ಮ ಮಗ, ನಿಮ್ಮಿಷ್ಟ. ಕೊಂದವಳು ನಾನ್ಯಾಕಾಗ್ಬೇಕು?"

"ಯಾರಾದ್ರೂ ಆಗ್ಬೇಕಲ್ಲ," ಎಂದು ಅತ್ತೆ ಒಂದು ತೊಳೆ ಬಾಯಿಗಿಟ್ಟಳು. "ನಾನಾಗ್ಲಾ?"

ಸೊಸೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಬಿಳಿ ಮರಳಿನ ತೀರಕ್ಕೆ ಬಂದು ಎಂಜಿನ್ ಆರಿಸಿದ ಮೇಲೆ, ಯಾರೂ ಇಳಿಯುವ ಮೊದಲೇ, ಅತ್ತೆಯ ಕೈಯಿಂದ ಮೈಕ್ ಕಿತ್ತುಕೊಂಡು ಹಿಂದಕ್ಕೆ ತಿರುಗಿ ನಿಂತಳು. ದಾರಿಯುದ್ದಕ್ಕೂ ಬಾಯಲ್ಲೇ ಉರು ಹೊಡೆದಿದ್ದ ಮಾತನ್ನು ಗಟ್ಟಿಯಾಗಿ ಹೇಳಿದಳು. ನನ್ನ ಗಂಡ ಬದುಕಿದ್ದಾನೆ. ದನಿ ನಡುಗಿದ್ದರಿಂದ ಇನ್ನೊಮ್ಮೆ ಹೇಳಿದಳು.

ಮುಂದಿನ ಸಾಲಿನ ದಪ್ಪ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಬಂಡೆ ದಾಟಿದ ಮೇಲೆ ಸೊಸೆಯತ್ತ ತಿರುಗಿಯೂ ನೋಡದಿದ್ದ ಗಂಡಸೊಬ್ಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವರ ಕಣ್ಣುಗಳಲ್ಲಿ ದಿನದ ಕಹಿ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು ಏನೋ ಇತ್ತು. ಸೊಸೆಗೆ ದಿಗಿಲಾಯಿತು. ಎಲ್ಲಿದ್ದಾನೆ ಎಂದು ತೋರಿಸಿದರೆ ನಂಬುತ್ತಾರೆಂದು ಕಿಟಕಿಯಾಚೆ, ಬೆಟ್ಟದ ಮೇಲಕ್ಕೆ, ಅದರ ಬೆನ್ನಾಚೆಗೆ ಬೆರಳು ಚಾಚಿ, ಅಲ್ಲಿ, ಅಲ್ಲಿ ಎಂದಳು. ಎಲ್ಲರೂ ಬಗ್ಗಿ ಬೆರಳಿನ ನೇರಕ್ಕೆ ನೋಡಿದರು. ಮೋಡವಿಲ್ಲದ ಆಕಾಶ ಕಂಡಿತು. ದಪ್ಪ ಹೆಂಗಸು ಎದ್ದು ಬಂದು ಅವಳನ್ನು ತಬ್ಬಿಕೊಂಡು ಬಿಕ್ಕಿದಳು.

ಸೊಸೆ ನರ್ಸಿನ ಕಡೆ ನೋಡಿದಳು. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಮೇಲೆ ಅವರು ಈಜಿದರು, ಮರಳಿನಲ್ಲಿ ಮೈಚಾಚಿದರು. ಒಬ್ಬರಾದ ಮೇಲೆ ಒಬ್ಬರು ಬಂದು ಸೊಸೆಯ ಕೈ ಅದುಮಿ ಹೋದರು. ಬಿಡಿಸಿಕೊಳ್ಳುವಷ್ಟು ಭಾಷೆ ಅವಳಲ್ಲಿರಲಿಲ್ಲ. ಸಂಜೆ ಎಲ್ಲರನ್ನೂ ಅವರವರ ಹೋಟೆಲುಗಳಿಗೆ ಬಿಟ್ಟು ಹೊರಟಾಗ ವ್ಯಾನಿನಲ್ಲಿ ಉಳಿದದ್ದು ಇಬ್ಬರೇ. ಬಿಸಿಲು ಇನ್ನೂ ಇತ್ತು. ಅತ್ತೆ ಮೈಕಿನ ವೈರು ಸುತ್ತಿ ಡಬ್ಬಿಯಲ್ಲಿಟ್ಟಳು.

"ಚೆನ್ನಾಗಿ ಹೇಳ್ದೆ. ನಾಳೇನೂ ಹೇಳು," ಎಂದಳು. "ಜನಕ್ಕೆ ಹಿಡಿಸ್ತು."

ಮನೆಯ ಕಡೆ ಹೊರಳುವ ದಾರಿ ಬಂತು, ಸೊಸೆ ಹೊರಳಿಸದೆ ಮುಂದೆ ಸಾಗಿದಳು. ವ್ಯಾನ್ ಏರು ಹತ್ತತೊಡಗಿತು. ಸಮುದ್ರ ಕೆಳಗೆ ಸರಿಯಿತು. ಎಲ್ಲಿಗೆ ಹೋಗುತ್ತಿದ್ದೀಯ, ತಲೆ ಕೆಟ್ಟಿದೆಯಾ ಎಂದು ಅತ್ತೆ ಬೈದಳು. ಬೈಯುತ್ತಲೇ ಬಾಗಿಲಿನ ಹಿಡಿ ಹಿಡಿದುಕೊಂಡಳು.

"ಉತ್ತರ ತೀರಕ್ಕೆ," ಎಂದಳು ಸೊಸೆ. "ನಿಮ್ಮ ಮಗ ಸತ್ತಿದಾನಾ ನೋಡ್ಕೊಂಡ್ ಬರೋಣ. ಅಂಗಡಿ ಮುಂದೆ ನಿಲ್ಲಿಸ್ತೀನಿ. ಇಳಿದು ಹೋಗಿ ಅವನ ಮುಂದೆ ಹೇಳಿ ಆ ಕಥೆನ."

ಎರಡು ತಿರುವು ಕಳೆದವು. ಎಂಜಿನ್ ಏದುಸಿರು ಬಿಡುತ್ತಿತ್ತು. ಸೊಸೆ ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸಿ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಕೂತಿದ್ದಳು.

ಪಕ್ಕದಲ್ಲಿ ಚೀಲದ ಜಿಪ್ ಎಳೆದ ಸದ್ದಾಯಿತು. ಅತ್ತೆ ಹಲ್ಲು ಮುರಿದ ಬಾಚಣಿಗೆಯೊಂದನ್ನು ಹುಡುಕಿ ತೆಗೆದು, ಗಾಳಿಗೆ ಕೆದರಿದ್ದ ನರೆಗೂದಲಿನ ಗಂಟು ಬಿಚ್ಚಿದಳು. ಮುಂದಿನ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ನಿಧಾನವಾಗಿ, ಬೈತಲೆ ನೇರವಾಗಿದೆಯೇ ಎಂದು ನೋಡಿ ನೋಡಿ ಬಾಚಿಕೊಳ್ಳತೊಡಗಿದಳು.