ಮಾರ್ತಾಂಡರ ಸಹಿ

ಹಾರ ಹಾಕಲು ಬಾಗಿದಾಗಲೇ ರಸಿಕಾಳ ಫೋನು ಮತ್ತೆ ಗುಂಯ್‌ಗುಟ್ಟಿತು. ಆಫೀಸಿನದು. ಹೆಣದ ಮುಂದೆ ಹೊರತೆಗೆಯಲಾಗದೆ, ಹಾಗೇ ಬಿಡಲೂ ಆಗದೆ, ಹಾರವನ್ನು ಅರ್ಧಂಬರ್ಧ ಇಳಿಸಿ ಹಿಂದೆ ಸರಿದಳು. ಮಾರ್ತಾಂಡರಿಗೆ ಕೈಲಾಗಿದ್ದರೆ ಎದ್ದು ಕೂತು ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಹಿಂದವಾಡಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ಬೇರೆಯವರ ತಪ್ಪು ಹುಡುಕಿ ಅನ್ನ ತಿಂದ ಮನುಷ್ಯ. ಅವರ ಸಹಿ ಬೀಳದೆ ಒಂದು ಪ್ರೋಗ್ರಾಮೂ ಹೊರಗೆ ಹೋಗುತ್ತಿರಲಿಲ್ಲ. ಕೈಕೆಳಗಿನ ರಸಿಕಾ ಮೊದಲು ಪರೀಕ್ಷಿಸಬೇಕು, ಆಮೇಲೆ ಅವರು ಇನ್ನೊಮ್ಮೆ ನೋಡಿ ಸಹಿ ಹಾಕಬೇಕು. ಮೊನ್ನೆ ಕೊನೆಯ ಸಹಿ ಹಾಕಿದ್ದರು. ಇಂದು ನಸುಕಿನಲ್ಲಿ ಖಾನಾಪುರದ ಈ ಮನೆಯಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

"ಮಗಳ ಲಗ್ನಪತ್ರಿಕಾದಾಗ ವಾರ ತಪ್ಪೈತಿ ಅಂತ ಐದನೂರೂ ಪತ್ರಿಕಾ ತಿರುಗಿ ಕಳಿಸಿದ್ದ," ಎಂದ ಅವರ ಅಣ್ಣ ರಾಮಲಿಂಗ, ಚಟ್ಟ ಕಟ್ಟುತ್ತಾ. "ಪ್ರೆಸ್ಸಿನಂವ ಕೈ ಮುಗದ."

"ಖರೇನ ತಪ್ಪಿತ್ತೇನ್ರಿ?" ಎಂದರು ಯಾರೋ.

"ತಪ್ಪಿತ್ತು. ಅದ ನೋಡ್ರಿ ಸಂಕಟ. ಅಂವ ಅಂದಿದ್ದು ಯಾವತ್ತೂ ಖರೇನ ಇರ್ತಿತ್ತು."

ಮ್ಯಾನೇಜರ್ ವಿಕ್ರಮ ರಸಿಕಾಳ ಪಕ್ಕಕ್ಕೆ ಬಂದ. "ಹೊಸಾ ಪ್ರೋಗ್ರಾಮ್ ಮೂರಕ್ಕ ದವಾಖಾನಿಗಳಿಗೆ ಕಳಸೂಣಲ್ಲ? ಕೂಸುಗಳ ತೂಕ ನೋಡಿ ಔಷಧ ಹೇಳೂದು. ಸರ್ ಸಹಿ ಐತಿ. ನೀ ಒಂದ್ ಹೂಂ ಅಂದ್ಬಿಡು."

ರಸಿಕಾ ಅರ್ಧ ಇಳಿದಿದ್ದ ಹಾರದ ಕಡೆ ನೋಡಿದಳು. ಸರ್ ಎಲ್ಲವನ್ನೂ ಇನ್ನೊಮ್ಮೆ ನೋಡಿಯೇ ಸಹಿ ಹಾಕಿರುತ್ತಾರೆ, ನೋಡದೆ ಬಿಡುವವರಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

* * *

ಕಳೆದ ದೀಪಾವಳಿಗೆ ಮುಂಚಿನ ಒಂದು ಸಂಜೆ. ಒಂದು ಪ್ರೋಗ್ರಾಮಿಗೆ ರಸಿಕಾ ಮಾಡಬೇಕಿದ್ದ ನಲವತ್ತು ಪರೀಕ್ಷೆಗಳಲ್ಲಿ ಮೂವತ್ತು ಮುಗಿದಿದ್ದವು. ವಡಗಾವಿಯ ಬಸ್ಸು ತಪ್ಪೀತೆಂದು ಉಳಿದ ಹತ್ತರ ಮುಂದೆಯೂ 'ಪಾಸ್' ಎಂದು ಬರೆದು ಹೊರಟಿದ್ದಳು. ಹೇಗಿದ್ದರೂ ಸರ್ ನೋಡುತ್ತಾರೆ. ಮನೆಯ ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುವ ಆಸಾಮಿ, ಇದನ್ನು ಬಿಟ್ಟಾರೆಯೇ?

ಮರುದಿನ ಮಾರ್ತಾಂಡರು ಪಟ್ಟಿಯ ಮೇಲೆ ಕಣ್ಣಾಡಿಸಿ, "ಛಲೋ ಮಾಡೀಯವಾ" ಎಂದು ಸಹಿ ಹಾಕಿದರು. ಬಚಾವಾದೆ, ಉಳಿದದ್ದನ್ನು ಸರ್ ತಾವೇ ಮಾಡಿ ನೋಡಿದ್ದಾರೆ ಎಂದುಕೊಂಡಳು. ಮುಂದಿನ ಸಲ ಮಾಡದೆ ಬಿಟ್ಟವು ಹದಿನೈದಾದವು. ಚಟ ಹತ್ತುವುದಕ್ಕೆ ಎಷ್ಟು ದಿನ ಬೇಕು? ಮೊನ್ನೆಯಂತೂ ಕೂಸುಗಳ ತೂಕದ ಪರೀಕ್ಷೆಗಳಲ್ಲಿ ಒಂದನ್ನೂ ಅವಳು ಮಾಡಿ ನೋಡಿರಲಿಲ್ಲ.

* * *

"ನೀ ರಸಿಕಾ ಅಲ್ಲೇನವಾ?" ಮಾರ್ತಾಂಡರ ಹೆಂಡತಿ ಕಾಶೀಬಾಯಿ ಗಂಡನ ತಲೆಯ ಬಳಿ ಕೂತಲ್ಲಿಂದಲೇ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ನಿನ್ನ ಉಪಕಾರ ಭಾಳ ಐತಿ ನನ್ ಮ್ಯಾಲ."

"ನಂದೇನ್ರಿ ಕಾಕು?"

"ಮೊದಲೆಲ್ಲಾ ಮನಿಗೆ ಬರೂದರಾಗ ಒಂಬತ್ತಾಗ್ತಿತ್ತು. ದೀಪಾವಳಿ ಆದಮ್ಯಾಲ ಆರಕ್ಕ ಬರಾಕತ್ತಿದ್ರು. ಯಾಕ್ರಿ ಅಂದ್ರ, 'ರಸಿಕಾ ನೋಡಿದ್ಲಂದ್ರ ನಾ ನೋಡಿದಂಗ, ಮತ್ತ್ಯಾಕ ನೋಡ್ಲಿ' ಅಂತಿದ್ರು. ಇಬ್ರೂ ಕೂಡಿ ಹೊಳಿ ತನಕ ಅಡ್ಡ್ಯಾಡಿ ಬರ್ತಿದ್ವಿ. ಮೂವತ್ತ ವರ್ಷದ ಸಂಸಾರದಾಗ ನನಗ ಸಿಕ್ಕಿದ್ದು ಆ ಸಂಜಿ ಅಷ್ಟ."

ಅವರಿದ್ದಾರೆಂದು ರಸಿಕಾ ನೋಡದೆ ಬಿಟ್ಟಿದ್ದಳು, ಅವಳಿದ್ದಾಳೆಂದು ಅವರು ಬಿಟ್ಟಿದ್ದರು. ಆರು ತಿಂಗಳಿನಿಂದ ಯಾರೂ ಪೂರ್ತಿ ನೋಡಿರಲಿಲ್ಲ. ಈಗ ಬಾಯಿ ಬಿಟ್ಟರೆ ತನ್ನ ಅನ್ನ ಹೋಗುತ್ತದೆ. ಅದು ಹೋಗಲಿ, ಹೆಣ ಏಳುವ ಮೊದಲೇ ಈ ಮನುಷ್ಯನ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಯಾವುದೋ ಊರಿನ ಎಂಟು ಕಿಲೋದ ಕೂಸಿಗೆ ಎಷ್ಟು ಔಷಧ ಬೀಳುತ್ತದೋ ದೇವರೇ ಬಲ್ಲ.

"ಬರ್ರಿ, ಎತ್ತೂಣು," ಎಂದ ರಾಮಲಿಂಗ. ಹೆಗಲು ಕೊಡಲು ಬಂದ ವಿಕ್ರಮ ಗಡಿಯಾರ ನೋಡಿದ. "ರಸಿಕಾ, ಕಳಸಲಿ?"

"ಬ್ಯಾಡ್ರಿ ಸರ್. ನಿಲ್ಲಸ್ರಿ. ಈ ಆರು ತಿಂಗಳದಾಗ ಕಳಿಸಿದ್ದನ್ನೂ ಬಂದ್ ಮಾಡಸ್ರಿ."

"ಯಾಕ? ಸರ್ ಸಹಿ ಐತಲ್ಲ?"

"ಅವರು ನೋಡಿಲ್ರಿ." ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ನಾನೂ ನೋಡಿಲ್ಲ."

ವಿಕ್ರಮ ಫೋನು ಕಿವಿಗೆ ಹಚ್ಚಿಕೊಂಡು ಗೇಟಿನತ್ತ ಓಡಿದ. ಕಾಶೀಬಾಯಿ ರಸಿಕಾಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹಿಡಿದಿದ್ದ ಕೈಯನ್ನು ಬಿಟ್ಟು, ಗಂಡನ ಹಣೆಯ ಮೇಲಿದ್ದ ನೊಣವನ್ನು ಸೆರಗಿನಿಂದ ಓಡಿಸಿದಳು. ಓಡಿಸಿ, ಆ ಹಣೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಳು. ಎತ್ತಲು ಬಂದವರು ಕಾಯುತ್ತ ನಿಂತರು.